ರಿಪೋರ್ಟ್ ನಾರ್ಮಲ್, ನೋವು ನಿಜ: ಫೈಬ್ರೊಮಯಾಲ್ಜಿಯಾ ಜೊತೆ ನನ್ನ ಅನುಭವ

ವಿರಾಜಪೇಟೆ ಪಕ್ಕದಲ್ಲಿ ನನ್ನ ಕ್ಲಿನಿಕ್. ಮೊದಲ ಐದಾರು ವರ್ಷ, ಮೈಯೆಲ್ಲ ನೋವು ಅಂತ ಬಂದ ಹೆಂಗಸರಿಗೆ ನಾನೂ ಡೈಕ್ಲೋಫೆನಾಕ್ ನೋವಿನ ಇಂಜೆಕ್ಷನ್, ಕ್ಯಾಲ್ಸಿಯಂ ಕೊಟ್ಟು ಕಳಿಸಿದವನೇ. ಎರಡು ದಿನ ಆರಾಮ, ಮೂರನೇ ದಿನ ಮತ್ತೆ ಅದೇ. ಆಮೇಲೆ ಎಎಸ್‌ಒ, ಎಎನ್‌ಎ ಅನ್ನೋ ರಕ್ತಪರೀಕ್ಷೆಗಳು, ಬೆನ್ನಿನ ಎಂಆರ್‌ಐ. ತೋಟದ ಕೆಲಸದ ಒಬ್ಬರಿಗೆ ನನ್ನ ಚೀಟಿಯಿಂದಲೇ ಹನ್ನೆರಡು ಸಾವಿರದಷ್ಟು ಖರ್ಚಾಯಿತು. ಮೈಸೂರಿನ ಬಸ್ ಚಾರ್ಜ್, ಹೋದ ಕೂಲಿ ಬೇರೆ. ಕೊನೆಗೆ ನಾನು ಹೇಳಿದ್ದು, 'ಎಲ್ಲ ನಾರ್ಮಲ್ ಅಮ್ಮಾ, ಏನೂ ಇಲ್ಲ.' ಅವರು ಮತ್ತೆ ಬರಲಿಲ್ಲ. ಆ ಮಾತು ಇವತ್ತಿಗೂ ಚುಚ್ಚುತ್ತೆ.

ರಿಪೋರ್ಟ್ ನಾರ್ಮಲ್ ಇದ್ದರೂ ಮೈಯೆಲ್ಲ ನೋವು, ಸುಸ್ತು, ನಿದ್ದೆಯ ತೊಂದರೆ ತಿಂಗಳುಗಟ್ಟಲೆ ಇರೋ ಕಾಯಿಲೆಯೇ ಫೈಬ್ರೊಮಯಾಲ್ಜಿಯಾ. ಚೀಟಿಯಲ್ಲಿ ಹಾಗಂತ ಬರೆಯೋಕೆ ಶುರು ಮಾಡಿದಾಗ ಹಿರಿಯ ಡಾಕ್ಟರೊಬ್ಬರು, 'ಇಲ್ಲದ ಕಾಯಿಲೆಗೆ ಹೆಸರಿಡ್ತಾ ಇದ್ದೀಯಲ್ಲಪ್ಪಾ' ಅಂದಿದ್ದರು. ಈಗ ಅವರೇ ರೋಗಿಗಳನ್ನು ಕಳಿಸುತ್ತಾರೆ.

ಅದನ್ನು ಗುರುತಿಸೋಕೆ ಮೊದಲು ಅಮೆರಿಕದ ಸಂಧಿವಾತ ತಜ್ಞರ ಸಂಘದ 1990ರ ಪದ್ಧತಿ ಹಿಡಿದೆ, 18 ಕಡೆ ಒತ್ತಿ 11ರಲ್ಲಿ ನೋವು ಹುಡುಕೋದು. ಒತ್ತಡ 4 ಕೆಜಿ ಇರಬೇಕಲ್ವಾ? ಒಂದು ದಿನ ತೂಕದ ಯಂತ್ರದ ಮೇಲೆ ನನ್ನ ಹೆಬ್ಬೆರಳನ್ನೇ ಪರೀಕ್ಷೆ ಮಾಡಿದೆ. ಬೆಳಿಗ್ಗೆ 4ರ ಹತ್ತಿರ, ಸಂಜೆ ಸುಸ್ತಾದಾಗ 6 ದಾಟಿತು. ಅಲ್ಲಿಗೆ ಅದನ್ನು ಬಿಟ್ಟೆ.

ಈಗ 2016ರ ಮಾನದಂಡ. ಮನುಷ್ಯನ ಚಿತ್ರ ಬರೆದ ಹಾಳೆ, ಒಂದು ಕೆಂಪು ಪೆನ್ನು. 19 ಜಾಗಗಳಲ್ಲಿ ನೋವಿರುವ ಕಡೆ ಅವರೇ ಗುರುತು ಹಾಕಬೇಕು. ತೋಟದ ಕೆಲಸಗಾರರ ಲೈನ್ ಮನೆಯಿಂದ ಬಂದ ಒಬ್ಬರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಹೆಗಲು, ತೊಡೆ, ಸೊಂಟ, ಕೊನೆಗೆ ಎರಡೂ ದವಡೆ. ಒಟ್ಟು 14. ದವಡೆ ನೋವನ್ನು ಅಲ್ಲಿವರೆಗೆ ಯಾರೂ ಕೇಳಿರಲಿಲ್ಲವಂತೆ. ನಿದ್ದೆಯ ಬಗ್ಗೆಯೂ ಕೇಳಬೇಕು. 'ನಿದ್ದೆ ಬರುತ್ತಾ?' ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. 'ಎದ್ದಾಗ ಮಲಗಿದ್ದೆ ಅನಿಸುತ್ತಾ?' ಅಂತ ಕೇಳಬೇಕು. ಲೈನ್ ಮನೆಯವರು ಹೇಳಿದ್ದು, 'ಇಲ್ಲ ಸಾರ್, ರಾತ್ರಿಯೆಲ್ಲ ಕಾಫಿ ಕುಯ್ದ ಹಾಗಿರುತ್ತೆ.'

ಇದರಲ್ಲೂ ಎಡವಿದ್ದೇನೆ. ಒಬ್ಬರಿಗೆ ಫೈಬ್ರೊ ಅಂತ ಬರೆದು ಸುಮ್ಮನಾದೆ. ಆರು ತಿಂಗಳಲ್ಲಿ ಬೆರಳ ಗೆಣ್ಣು ಊದಿಕೊಂಡವು, ರುಮಟಾಯ್ಡ್ ಸಂಧಿವಾತ. ಎರಡೂ ಒಟ್ಟಿಗೆ ಇರಬಹುದು ಅನ್ನೋದು ಮಾನದಂಡದಲ್ಲೇ ಇದೆ, ನಾನು ನೋಡಿರಲಿಲ್ಲ. ಈಗ ಪ್ರತಿ ಸಲ ಗೆಣ್ಣು ಮುಟ್ಟಿ ನೋಡುತ್ತೇನೆ. ರಕ್ತಕಣದ ಎಣಿಕೆಗೆ ಸಿಬಿಸಿ, ಉರಿಯೂತಕ್ಕೆ ಇಎಸ್‌ಆರ್, ಸಿಆರ್‌ಪಿ, ಥೈರಾಯ್ಡ್‌ಗೆ ಟಿಎಸ್‌ಎಚ್ ಮಾಡಿಸುತ್ತೇನೆ. ಸಾವಿರದ ಆಸುಪಾಸಲ್ಲಿ ಮುಗಿಯುತ್ತೆ.

ಮಾತ್ರೆ ಅಂದರೆ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ, ರಾತ್ರಿ ಎಂಟಕ್ಕೆ. ಮಲಗುವಾಗ ಕೊಟ್ಟರೆ ಬೆಳಿಗ್ಗೆ ಮಂಪರು. ವಯಸ್ಸಾದವರಿಗೆ ಇಸಿಜಿ ನೋಡದೆ ಕೊಡಲ್ಲ. ತಿಂಗಳ ಖರ್ಚು ನೂರರೊಳಗೆ. ಆದರೆ ಮೊದಲ ವರ್ಷ ಅರ್ಧದಷ್ಟು ಜನ ಈ ಮಾತ್ರೆ ಬಿಟ್ಟರು. ಮೆಡಿಕಲ್ ಶಾಪಲ್ಲಿ 'ಇದು ತಲೆ ಕೆಟ್ಟವರ ಮಾತ್ರೆ' ಅಂದಿದ್ದರಂತೆ. ಈಗ ನಾನೇ ಮೊದಲು ಹೇಳಿಬಿಡುತ್ತೇನೆ: ಖಿನ್ನತೆಗೆ ಇದನ್ನೇ ಜಾಸ್ತಿ ಕೊಡುತ್ತೇವೆ, ನಿಮಗೆ ಕಡಿಮೆ ಕೊಡೋದು ನೋವಿಗೆ, ನಿದ್ದೆಗೆ. ಪ್ರಿಗ್ಯಾಬಲಿನ್ ಅನ್ನೋ ನರದ ನೋವಿನ ಮಾತ್ರೆಯಿಂದ ತಲೆಸುತ್ತು ಬರಬಹುದು. ಅದನ್ನು 75 ಮಿ.ಗ್ರಾಂ ಎರಡು ಹೊತ್ತು ಕೊಟ್ಟ ಒಬ್ಬರು ಮಳೆಯಲ್ಲಿ ತೋಟದ ಇಳಿಜಾರಲ್ಲಿ ಬಿದ್ದರು. ಅವತ್ತಿಂದ ಅದನ್ನು ಕೊಟ್ಟರೂ ರಾತ್ರಿ ಮಾತ್ರ.

ನಿಜವಾಗಿ ಕೆಲಸ ಮಾಡಿದ್ದು ನಡಿಗೆ. ಯುರೋಪಿನ ಸಂಧಿವಾತ ತಜ್ಞರ ಸಂಘದ 2017ರ ಶಿಫಾರಸಿನಲ್ಲೂ ಬಲವಾಗಿ ಹೇಳಿದ್ದು ವ್ಯಾಯಾಮ ಒಂದನ್ನೇ. ಶುರುವಿಗೆ ಐದು ನಿಮಿಷ, ಚೆನ್ನಾಗಿದ್ದ ದಿನವೂ ಐದೇ. ತೊಂದರೆ ಬಂದಿದ್ದು ಕುಯ್ಲಿನಲ್ಲಿ. ಕೂಲಿ ಕೆಜಿ ಲೆಕ್ಕ. ನೋವು ಕಡಿಮೆ ಅಂತ ಒಂದೇ ದಿನ ಮೂಟೆಗಟ್ಟಲೆ ಕುಯ್ದು, ಮೂರು ದಿನ ಮಲಗುತ್ತಿದ್ದರು. ಕೂಲಿ ಲೆಕ್ಕ ಬರೆಯುವ ತೋಟದ ರೈಟರ್ ಜೊತೆ ಕೂತು ಲೆಕ್ಕ ಹಾಕಿ ತೋರಿಸಿದೆ: ದಿನಾ ಸ್ವಲ್ಪ ಕಡಿಮೆ ಕುಯ್ದರೂ ವಾರದ ಕೂಲಿ ಜಾಸ್ತಿ.

ಮಳೆಗಾಲದಲ್ಲಿ ನೋವು ಏರೋದು ಚಳಿಗೆ ಅಂದುಕೊಂಡಿದ್ದೆ. ಎರಡು ವರ್ಷ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಜುಲೈನಲ್ಲೂ ನಡಿಗೆ ಬಿಡದವರಿಗೆ ಅಷ್ಟು ಏರಲಿಲ್ಲ. ಈಗ ಒಂದು ತೋಟದವರು ಖಾಲಿ ಕಾಫಿ ಗೋಡೌನ್ ಬಿಟ್ಟುಕೊಟ್ಟಿದ್ದಾರೆ. ಸಂಜೆ ಏಳೆಂಟು ಜನ ಅಲ್ಲೇ ಸುತ್ತು ಹಾಕುತ್ತಾರೆ.

ಮೂರು ವರ್ಷದಲ್ಲಿ ಅರವತ್ತರಷ್ಟು ಜನ. ನಲವತ್ತು ಮಂದಿ ಉಳಿದಿದ್ದಾರೆ, ಅದರಲ್ಲಿ ಇಪ್ಪತ್ತೈದು ಜನ ನೋವಿನ ಮಾತ್ರೆ ಪೂರ್ತಿ ಬಿಟ್ಟಿದ್ದಾರೆ. 14 ಗುರುತು ಹಾಕಿದವರ ಹೋದ ತಿಂಗಳ ಹಾಳೆಯಲ್ಲಿ ಇರೋದು 5. ದವಡೆಯ ಮೇಲೆ ಒಂದೂ ಇಲ್ಲ.