ಹಲ್ಲನ್ನು ಯಾವಾಗ ಕೀಳಿಸಬೇಕು, ಯಾವಾಗ ಉಳಿಸಿಕೊಳ್ಳಬೇಕು

ಜಮಖಂಡಿಯ ನನ್ನ ದವಾಖಾನೆಗೆ ಹಲ್ಲುನೋವೆಂದು ಬರುವವರಲ್ಲಿ ಬಹಳಷ್ಟು ಮಂದಿ ಕುರ್ಚಿಯಲ್ಲಿ ಕುಳಿತುಕೊಳ್ಳುವ ಮೊದಲೇ ತೀರ್ಮಾನ ಹೇಳಿಬಿಡುತ್ತಾರೆ: "ಡಾಕ್ಟರ್ರ, ಏನೂ ನೋಡಬ್ಯಾಡ್ರಿ, ಒಮ್ಮಿಗೆ ಕಿತ್ತ ಬಿಡ್ರಿ." ರಾತ್ರಿಯಿಡೀ ನಿದ್ದೆಗೆಟ್ಟು, ಬೆಳಗಿನ ಮೊದಲ ಬಸ್ಸು ಹಿಡಿದು ಬಂದವರ ದಣಿವು ಆ ಮಾತಿನಲ್ಲಿರುತ್ತದೆ. ಆದರೆ ಹಾಗೆ ಕೀಳಿಸಿಕೊಳ್ಳಲು ಬಂದ ಹಲ್ಲುಗಳಲ್ಲಿ ಎಷ್ಟನ್ನೋ ಉಳಿಸಲು ಸಾಧ್ಯವಿರುತ್ತದೆ. ನೋವಿಲ್ಲವೆಂದು ವರ್ಷಗಟ್ಟಲೆ ಹಾಗೆಯೇ ಬಿಟ್ಟ ಮುರುಕು ಬೇರೋ ಅಲುಗಾಡುವ ದವಡೆಹಲ್ಲೋ ತೆಗೆಯಲೇಬೇಕಾದ ಸ್ಥಿತಿಗೆ ಬಂದಿರುತ್ತದೆ. ಆದ್ದರಿಂದ ನೋವಿನ ಅಳತೆಯ ಮೇಲೆ ಈ ನಿರ್ಧಾರವನ್ನು ಮಾಡಬಾರದು. ಕ್ಯಾಪ್ ಕೂರಿಸುವಷ್ಟು ಗಟ್ಟಿ ಹಲ್ಲು ಮೇಲೆ ಉಳಿದಿದೆಯೇ, ಬೇರನ್ನು ಹಿಡಿದಿಡುವಷ್ಟು ಎಲುಬು ಸುತ್ತಲೂ ಉಳಿದಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಸಿಗಬೇಕು.

ನೋವಿನ ಬಗೆಯನ್ನು ಗಮನಿಸಿಕೊಂಡು ಬಂದರೆ ವೈದ್ಯರಿಗೆ ಅರ್ಧ ದಾರಿ ತಿಳಿದಂತೆ. ತಣ್ಣೀರು ಕುಡಿದಾಗ ಜುಮ್ಮೆಂದು ಕೂಡಲೇ ನಿಂತುಹೋಗುವ ನೋವಿಗೆ ಹೆಚ್ಚಿನ ವೇಳೆ ಹುಳುಕನ್ನು ಸ್ವಚ್ಛಗೊಳಿಸಿ ಸಿಮೆಂಟ್ ತುಂಬಿದರೆ ಸಾಕು. ಬಿಸಿ ಚಹಾ ಕುಡಿದು ಎಷ್ಟೋ ಹೊತ್ತಾದರೂ ಸಿಡಿಯುವ, ರಾತ್ರಿ ಮಲಗಿದ ಮೇಲೆ ಹೆಚ್ಚಾಗುವ ನೋವು ಒಳಗಿನ ನರದವರೆಗೆ ಹುಳುಕು ಇಳಿದಿದೆ ಎಂಬುದನ್ನು ಸೂಚಿಸುತ್ತದೆ. ಜನ ಹಲ್ಲು ಕೀಳಿಸಲು ಬರುವುದು ಬಹುತೇಕ ಈ ಹಂತದಲ್ಲೇ, ಮತ್ತು ರೂಟ್ ಕೆನಾಲ್ (ಒಳಗಿನ ಕೆಟ್ಟ ನರವನ್ನು ತೆಗೆದು ಬೇರಿನ ಕೊಳವೆಯನ್ನು ತುಂಬುವ ಚಿಕಿತ್ಸೆ) ಮಾಡಿ ಹಲ್ಲನ್ನು ಉಳಿಸಿಕೊಳ್ಳಬಹುದಾದ ಹಂತವೂ ಇದೇ. ಕಚ್ಚಿದಾಗ ನೋವು, ಒಸಡಿನ ಮೇಲೆ ಕೀವಿನ ಗುಳ್ಳೆ ಇದ್ದರೆ ಸೋಂಕು ಬೇರಿನ ತುದಿ ದಾಟಿದೆ ಎಂದರ್ಥ. ಆಗಲೂ ಹಲ್ಲು ಗಟ್ಟಿಯಾಗಿ ನಿಂತಿದ್ದರೆ ಉಳಿಸುವ ದಾರಿ ಮುಚ್ಚಿರುವುದಿಲ್ಲ.

ನಾಲ್ಕಾರು ದಿನ ಸಿಡಿದ ನೋವು ತಾನಾಗಿಯೇ ನಿಂತರೆ ಗುಣವಾಯಿತೆಂದು ತಿಳಿಯಬಾರದು. ಒಳಗಿನ ನರ ಸತ್ತುಹೋದದ್ದರಿಂದ ನೋವು ನಿಂತಿರುತ್ತದೆ, ಸೋಂಕು ಮಾತ್ರ ಕೆಳಗೆ ಇಳಿಯುತ್ತಲೇ ಇರುತ್ತದೆ. ಮುಧೋಳದ ಕಡೆಯ ರೈತರೊಬ್ಬರು ಕಬ್ಬು ಕಟಾವಿನ ಸುಗ್ಗಿ ಆರಂಭವಾದಾಗ ಬಂದ ನೋವನ್ನು ಔಷಧ ಅಂಗಡಿಯ ಮಾತ್ರೆಯಿಂದ ಅಡಗಿಸಿಕೊಂಡು, ಕಟಾವು ಮುಗಿಯಲಿ ಎಂದು ಕಾದರು. ಕೊನೆಗೆ ನನ್ನಲ್ಲಿಗೆ ಬಂದಾಗ ಕೆಳದವಡೆಯ ಬಾವು ಗಂಟಲಿನವರೆಗೆ ಇಳಿದಿತ್ತು, ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ, ಉಗುಳು ನುಂಗಲಾರದೆ ಟವೆಲ್ಲಿನಿಂದ ಒರೆಸಿಕೊಳ್ಳುತ್ತಿದ್ದರು. ನಾನು ಅವರ ಹಲ್ಲನ್ನು ಮುಟ್ಟದೆ ಆಗಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಗಲ್ಲದ ಕೆಳಗೆ ಬಾವು, ನುಂಗಲು ಕಷ್ಟ, ಉಸಿರಾಟಕ್ಕೆ ತೊಂದರೆ, ಜ್ವರ ಕಾಣಿಸಿಕೊಂಡರೆ ಅದು ಜೀವಕ್ಕೆ ಅಪಾಯ. ಹಲ್ಲಿನ ದವಾಖಾನೆ ತೆರೆಯುವುದನ್ನು ಕಾಯದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ಇನ್ನು ಕೀಳಿಸುವುದೇ ಸರಿಯಾದ ಸಂದರ್ಭಗಳು. ಹುಳುಕು ಒಸಡಿನ ಕೆಳಗೆ ಇಳಿದು, ಮೇಲೆ ಬರೀ ಸಿಪ್ಪೆಯಷ್ಟು ಹಲ್ಲು ಉಳಿದಿದ್ದರೆ ರೂಟ್ ಕೆನಾಲ್ ಮಾಡಿದರೂ ಕ್ಯಾಪ್ ನಿಲ್ಲುವುದಿಲ್ಲ. ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಎತ್ತರದ ಗಟ್ಟಿ ಹಲ್ಲಾದರೂ ಇರಬೇಕು. ಕಬ್ಬನ್ನು ಹಲ್ಲಿನಿಂದಲೇ ಸಿಗಿಯುವಾಗ ಅಥವಾ ಅಡಕೆ ಕಡಿಯುವಾಗ ಹಲ್ಲು ಬೇರಿನವರೆಗೆ ಉದ್ದಕ್ಕೆ ಸೀಳಿದರೆ ಅದನ್ನು ಜೋಡಿಸುವ ಉಪಾಯವಿಲ್ಲ, ಆದರೆ ಮೇಲಿನ ಮೂಲೆಯಷ್ಟೇ ಮುರಿದಿದ್ದರೆ ಸರಿಪಡಿಸಬಹುದು. ಒಸಡಿನ ರೋಗದಿಂದ ಸಡಿಲಗೊಂಡ ಹಲ್ಲಿನ ವಿಷಯದಲ್ಲಿ ಅದು ಎತ್ತ ಅಲುಗಾಡುತ್ತದೆ ಎಂಬುದು ಮುಖ್ಯ. ಅಕ್ಕಪಕ್ಕ ತುಸು ಅಲುಗಾಡುವ ಹಲ್ಲು, ಬೇರಿಗಂಟಿದ ಪಾಚಿಯನ್ನು ತೆಗೆಸಿ ಒಸಡಿಗೆ ಚಿಕಿತ್ಸೆ ಮಾಡಿಸಿದರೆ ಹಲವು ವರ್ಷ ಬಾಳುತ್ತದೆ. ಬೆರಳಿನಿಂದ ಒತ್ತಿದಾಗ ಮೇಲೆ ಕೆಳಗೆ ಆಡುವ ಹಲ್ಲಿನ ಸುತ್ತ ಎಲುಬು ಹೆಚ್ಚುಕಡಿಮೆ ಕರಗಿಹೋಗಿರುತ್ತದೆ. ಕಡಕ್ ರೊಟ್ಟಿ ಅಗಿಯುವಾಗ ಒಂದೇ ಬದಿಯಲ್ಲಿ ಅಗಿಯುವ ರೂಢಿ ಯಾವಾಗಿನಿಂದ ಬಂತು ಎಂದು ನಾನು ಹಿರಿಯರನ್ನು ಕೇಳುವುದುಂಟು, ಏಕೆಂದರೆ ತೊಂದರೆ ಶುರುವಾದ ಕಾಲ ಆ ಉತ್ತರದಲ್ಲೇ ಸಿಗುತ್ತದೆ.

ನಮ್ಮ ಭಾಗಕ್ಕೇ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಹುನಗುಂದ, ಇಳಕಲ್ ಸುತ್ತಿನ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು. ಬೇರೆ ನೀರು ಸಿಗದಿದ್ದಾಗ 1.5 ಮಿಲಿಗ್ರಾಂ ಕೊನೆಯ ಮಿತಿ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂತಹ ಬಿಳಿ ಗೆರೆಗಳೂ ಕಂದು ಕಲೆಗಳೂ ಮೂಡುತ್ತವೆ. ಮದುವೆಗೆ ಬಂದ ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದು, ಮುಂದಿನ ಹಲ್ಲುಗಳನ್ನು ತೆಗೆಸಿ ಬಿಳಿ ಹಲ್ಲು ಕಟ್ಟಿಸಿಕೊಡಿ ಎಂದು ಕೇಳುವ ತಂದೆತಾಯಿಗಳಿದ್ದಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಕಲೆ ಇರುವುದು ಹಲ್ಲಿನ ಮೇಲ್ಪದರದಲ್ಲಿ, ಬೇರು ಗಟ್ಟಿಯಾಗಿಯೇ ಇರುತ್ತದೆ. ಕಲೆಯನ್ನು ತಿಳಿಗೊಳಿಸಲು, ಮೇಲೆ ಹಲ್ಲಿನ ಬಣ್ಣದ ಲೇಪ ಕೊಡಲು ವಿಧಾನಗಳಿವೆ.

ಬುದ್ಧಿಹಲ್ಲು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಬರುತ್ತದೆ. ಅದು ನೆಟ್ಟಗೆ ಬಂದು, ಬ್ರಷ್ ಮುಟ್ಟುವಂತಿದ್ದರೆ ತೆಗೆಸುವ ಅಗತ್ಯವಿಲ್ಲ. ಓರೆಯಾಗಿ ಸಿಕ್ಕಿಕೊಂಡು ಅದರ ಮೇಲಿನ ಒಸಡು ಪದೇಪದೇ ಬಾತರೆ, ಅಥವಾ ಮುಂದಿನ ದವಡೆಹಲ್ಲನ್ನು ಹುಳುಕಾಗಿಸಿದರೆ ತೆಗೆಸಬೇಕು. ಬಾಯಿಗೆ ಸಾಲದಷ್ಟು ಹಲ್ಲು ಒತ್ತೊತ್ತಾಗಿ ಬಂದವರಿಗೆ ತಂತಿ ಹಾಕುವ ಮೊದಲು ಕೆಲವೊಮ್ಮೆ ಒಳ್ಳೆಯ ಹಲ್ಲನ್ನೇ ತೆಗೆಯಬೇಕಾಗುತ್ತದೆ. ಅದು ಲೆಕ್ಕ ಹಾಕಿ ಮಾಡುವ ಕೆಲಸ, ಭಯ ಬೇಡ.

ಮಕ್ಕಳ ವಿಷಯದಲ್ಲಿ ಆಗುವ ತಪ್ಪು ನನಗೆ ಬಹಳ ನೋವು ಕೊಡುತ್ತದೆ. ಸುಮಾರು 6ನೆಯ ವರ್ಷಕ್ಕೆ, ಯಾವ ಹಾಲುಹಲ್ಲೂ ಬೀಳದೆ, ಸಾಲಿನ ಹಿಂದೆ ಹೊಸ ದವಡೆಹಲ್ಲು ಹುಟ್ಟುತ್ತದೆ. ಹಾಲುಹಲ್ಲೆಂದು ಭಾವಿಸಿ, "ಹ್ಯಾಂಗಿದ್ರೂ ಬೀಳೂದಲ್ರಿ" ಎಂದು ಅದನ್ನು ಹುಳುಕಾಗಲು ಬಿಡುತ್ತಾರೆ. ಅದು ಆಯುಷ್ಯದುದ್ದಕ್ಕೂ ಇರಬೇಕಾದ ಹಲ್ಲು, ಹೋದರೆ ಮತ್ತೆ ಬರುವುದಿಲ್ಲ. ನಿಜವಾದ ಹಾಲುಹಲ್ಲನ್ನೂ ಕಾಲಕ್ಕೆ ಮೊದಲೇ ಕೀಳಿಸಿದರೆ ಪಕ್ಕದ ಹಲ್ಲುಗಳು ವಾಲಿ, ಕೆಳಗಿನಿಂದ ಬರುವ ಹಲ್ಲಿಗೆ ಜಾಗ ತಪ್ಪುತ್ತದೆ. ಆದರೆ ಹೊಸ ಹಲ್ಲು ಹಿಂದಿನಿಂದ ಬಂದು ಎರಡು ಸಾಲಾಗಿ ನಿಂತರೂ ಹಾಲುಹಲ್ಲು ಅಲುಗಾಡದಿದ್ದರೆ ತೆಗೆಸಬೇಕಾಗಬಹುದು.

ತಂಬಾಕು, ಗುಟಖಾ, ಸುಣ್ಣ ಬಾಯಲ್ಲಿಡುವವರಿಗೆ ಬೇರೆಯದೇ ಎಚ್ಚರಿಕೆ ಬೇಕು. ಸಡಿಲಾದ ಹಲ್ಲಿನ ಪಕ್ಕದ ಒಸಡಿನಲ್ಲಿ ಎರಡು ವಾರ ದಾಟಿದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಇದ್ದರೆ ಹಲ್ಲು ಕೀಳಿಸುವ ಮೊದಲು ಆ ಹುಣ್ಣನ್ನೇ ಪರೀಕ್ಷಿಸಬೇಕು, ಏಕೆಂದರೆ ಕ್ಯಾನ್ಸರ್ ಎಲುಬನ್ನು ತಿಂದಾಗಲೂ ಹಲ್ಲು ಸಡಿಲಾಗುತ್ತದೆ. ಬಾಯಿ ಅಥವಾ ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಕೊಡಿಸಬೇಕಾದವರು ಕೆಟ್ಟ ಹಲ್ಲುಗಳನ್ನು ಅದಕ್ಕೆ ಮೊದಲೇ, ಗಾಯ ಮಾಯಲು ಸುಮಾರು ಎರಡು ವಾರ ಸಿಗುವಂತೆ ತೆಗೆಸಿಕೊಳ್ಳಬೇಕು. ರೇಡಿಯೇಷನ್ ಆದ ಮೇಲೆ ಕಿತ್ತ ಜಾಗದ ಎಲುಬು ಮಾಯದೆ ಕೊಳೆಯುವ ಅಪಾಯವಿದೆ.

ನಿರ್ಧಾರಕ್ಕೆ ಮೊದಲು ಎಕ್ಸ್‌ರೇ ತೆಗೆಸಿ, ಅದನ್ನು ತೋರಿಸಿ ವಿವರಿಸಲು ವೈದ್ಯರನ್ನು ಕೇಳಿ. ಬೇರಿನ ತುದಿಯ ಕಪ್ಪು ನೆರಳು ಸೋಂಕಿನದು. ಬೇರಿನ ಎರಡೂ ಬದಿಯ ಎಲುಬು ಎಲ್ಲಿಯವರೆಗೆ ಇಳಿದಿದೆ ಎಂಬುದು ಸಾಮಾನ್ಯರ ಕಣ್ಣಿಗೂ ಕಾಣುತ್ತದೆ. ಉಳಿಸಲು ಸಾಧ್ಯವೇ, ಉಳಿಸಿದರೆ ಎಷ್ಟು ಬಾಳಬಹುದು, ಕಿತ್ತರೆ ಆ ಜಾಗಕ್ಕೆ ಏನು ಮಾಡಬೇಕು ಎಂಬುದನ್ನು ನೇರವಾಗಿ ಕೇಳಿ. ಖರ್ಚಿನ ಕಾರಣಕ್ಕೆ ಹಲ್ಲನ್ನು ಬಿಟ್ಟುಕೊಡುವವರು ಬೆಳಗಾವಿಯ ಕೆಎಲ್‌ಇ ಮತ್ತು ಮರಾಠಾ ಮಂಡಳ, ಬಾಗಲಕೋಟೆಯ ಪಿಎಂಎನ್‌ಎಂ, ವಿಜಯಪುರದ ಅಲ್-ಅಮೀನ್ ದಂತ ಕಾಲೇಜುಗಳಲ್ಲಿ ಒಮ್ಮೆ ವಿಚಾರಿಸಬೇಕು. ಕಲಿಯುವವರು ಹಿರಿಯ ವೈದ್ಯರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುವುದರಿಂದ ಇಂಥ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಮಯ ಹೆಚ್ಚು ಹಿಡಿಯುತ್ತದೆ, ಹಣ ಕಡಿಮೆ ಸಾಕಾಗುತ್ತದೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬ ಮಾತನ್ನು ನಂಬಿ ಕೀವು ತುಂಬಿದ ಹಲ್ಲನ್ನು ಇಟ್ಟುಕೊಳ್ಳಬೇಡಿ. ದೃಷ್ಟಿಯ ನರಕ್ಕೂ ಹಲ್ಲಿನ ನರಕ್ಕೂ ಸಂಬಂಧವಿಲ್ಲ.

ಕೀಳಿಸುವುದೆಂದು ನಿಶ್ಚಯವಾದರೆ, ನಿತ್ಯ ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನು ಜೊತೆಗೆ ತನ್ನಿ. ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ಕವಾಟದ ಶಸ್ತ್ರಚಿಕಿತ್ಸೆ, ಎಲುಬು ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಅಥವಾ ಝೋಲೆಡ್ರೋನಿಕ್ ಆಮ್ಲದಂತಹ ಔಷಧ, ಗರ್ಭಧಾರಣೆ, ಯಾವುದನ್ನೂ ಮುಚ್ಚಿಡಬಾರದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ, ಅದನ್ನು ಬರೆದುಕೊಟ್ಟ ವೈದ್ಯರ ಮಾತಿಲ್ಲದೆ ನಿಲ್ಲಿಸಿದರೆ ಪಾರ್ಶ್ವವಾಯು ಅಥವಾ ಹೃದಯಾಘಾತದ ಭಯವಿದೆ. ಗರ್ಭಿಣಿಯರಿಗೆ ನಾಲ್ಕರಿಂದ ಆರನೆಯ ತಿಂಗಳು ಹೆಚ್ಚು ಅನುಕೂಲ, ಆದರೆ ಸೋಂಕು ತೀವ್ರವಾಗಿದ್ದರೆ ಯಾವ ತಿಂಗಳಾದರೂ ತಡ ಮಾಡಬಾರದು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೀಳುವಾಗ ಖಾಲಿ ಹೊಟ್ಟೆಯಲ್ಲಿ ಬರಬೇಕಿಲ್ಲ. ಊಟ ಮಾಡಿ, ಮಾತ್ರೆ ನುಂಗಿಯೇ ಬನ್ನಿ.

ಕಿತ್ತ ಜಾಗದಲ್ಲಿಟ್ಟ ಗಾಜ್ ಬಟ್ಟೆಯನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಮೊದಲ 24 ಗಂಟೆ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಹೀರಬಾರದು, ಏಕೆಂದರೆ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಮುಚ್ಚಳ. ಆ ಹೆಪ್ಪು ಕಿತ್ತುಬಂದರೆ ಎರಡು-ನಾಲ್ಕು ದಿನದಲ್ಲಿ ಕಿವಿಯವರೆಗೆ ಎಳೆಯುವ ನೋವು, ದುರ್ವಾಸನೆ ಶುರುವಾಗುತ್ತದೆ; ಹಾಗಾದರೆ ಮರಳಿ ದವಾಖಾನೆಗೆ ಬರಬೇಕು. ತಂಬಾಕು, ಬೀಡಿ ಕನಿಷ್ಠ ಮೂರು ದಿನ ಬೇಡ. ಮರುದಿನದಿಂದ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆ ಮೆಲ್ಲಗೆ ಬಾಯಲ್ಲಾಡಿಸಿ ಬಿಡಿ. ಮತ್ತೆ ರಕ್ತ ಒಸರಿದರೆ ಶುಭ್ರ ಬಟ್ಟೆಯನ್ನು ಮಡಚಿ ಅರ್ಧ ಗಂಟೆ ಕಚ್ಚಿ ಹಿಡಿಯಿರಿ, ನಿಲ್ಲದಿದ್ದರೆ ರಾತ್ರಿಯಾದರೂ ವೈದ್ಯರನ್ನು ಕಾಣಿರಿ. ಮೊದಲೆರಡು ದಿನ ಆರಿದ ಜೋಳದ ನುಚ್ಚು ಮತ್ತು ಮಜ್ಜಿಗೆ, ಮೊಸರನ್ನ ಸಾಕು. ಶೇಂಗಾ ಹಿಂಡಿ, ಅಗಸಿ ಹಿಂಡಿಯಂತಹ ಪುಡಿಗಳು ಗುಳಿಯಲ್ಲಿ ಸಿಕ್ಕಿಕೊಳ್ಳುವುದರಿಂದ ವಾರದ ಮಟ್ಟಿಗೆ ದೂರವಿರಲಿ, ಕಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಇನ್ನೊಂದು ಬದಿಯಿಂದ ತಿನ್ನಿರಿ.