ಬೆಂಗಳೂರಲ್ಲಿ ಕೂತು ಕಾರ್ಡಿಫ್‌ನ ಐಸ್ ಹಾಕಿ ತಂಡದ ಬೆನ್ನು ಹತ್ತೋದು ಹೇಗೆ

ಬ್ರಿಟನ್‌ನ ವೇಲ್ಸ್‌ನಲ್ಲಿರೋ ಕಾರ್ಡಿಫ್ ಅಂದ್ರೆ ನಮಗೆಲ್ಲ ಕ್ರಿಕೆಟ್. ರವಿ ಶಾಸ್ತ್ರಿ ಗ್ಲಾಮೊರ್ಗನ್ ಕೌಂಟಿಗೆ ಆಡಿದ್ದು, 2013ರ ಚಾಂಪಿಯನ್ಸ್ ಟ್ರೋಫಿ ಸೆಮಿಫೈನಲ್‌ನಲ್ಲಿ ನಾವು ಅಲ್ಲಿ ಶ್ರೀಲಂಕಾವನ್ನು ಸೋಲಿಸಿದ್ದು, ಅಲ್ಲಿಗೆ ಮುಗೀತು. ಆ ಊರಲ್ಲಿ ಐಸ್ ಹಾಕಿ ಆಡೋ ವೃತ್ತಿಪರ ತಂಡ ಒಂದಿದೆ, ಅದರ ಹೆಸರು ಕಾರ್ಡಿಫ್ ಡೆವಿಲ್ಸ್ ಅಂತ ನನಗೆ ಗೊತ್ತಾಗಿದ್ದು ಆಫೀಸಿನ ಕಾಲ್‌ನಲ್ಲಿ. ಆ ಕಡೆಯ ಕ್ಲೈಂಟ್ ಒಬ್ಬರು ಸೋಮವಾರ ಬಂತು ಅಂದ್ರೆ ಗಂಟಲು ಕಟ್ಟಿಕೊಂಡೇ ಮಾತಾಡುತ್ತಿದ್ದರು. ಶೀತ ಇರಬೇಕು ಅಂದುಕೊಂಡು ನಾನು ಬಿಸಿನೀರು, ಮೆಣಸು, ಜೇನುತುಪ್ಪ ಅಂತೆಲ್ಲ ಹೇಳಿಕೊಟ್ಟೆ. ಆಮೇಲೆ ತಿಳೀತು, ಅದು ಶೀತ ಅಲ್ಲ, ಭಾನುವಾರದ ಮ್ಯಾಚು.

ನಿಮಗೂ ಇಂಥ ಹುಚ್ಚು ಹತ್ತಿಸಿಕೊಳ್ಳಬೇಕು ಅನ್ನಿಸಿದರೆ ಬನಶಂಕರಿಯಲ್ಲಿ ಕೂತೇ ಅದು ಆಗುತ್ತೆ. ನಾನು ಕೆಲವು ಚಳಿಗಾಲದಿಂದ ಮಾಡ್ತಾನೇ ಇದ್ದೀನಿ. ಆದರೆ ಶುರುವಲ್ಲೇ ಎಲ್ಲರೂ ಒಂದು ತಪ್ಪು ಮಾಡ್ತಾರೆ, ನಾನೂ ಮಾಡಿದ್ದೆ: ತಂಡ ಗೆದ್ದ ಕಪ್‌ಗಳ ಪಟ್ಟಿ ತೆಗೆದು ಓದೋಕೆ ಕೂರೋದು. ಹತ್ತು ನಿಮಿಷದಲ್ಲಿ ಆಕಳಿಕೆ ಬರುತ್ತೆ. ಬ್ರಿಟನ್‌ನ ಐಸ್ ಹಾಕಿಯಲ್ಲಿ ಲೀಗುಗಳು ಹುಟ್ಟಿ ಸತ್ತಿವೆ, ಕಪ್‌ಗಳು ಬಂದು ಹೋಗಿವೆ, ಯಾವುದು ದೊಡ್ಡದು ಯಾವುದು ಸಣ್ಣದು ಅಂತ ತಲೆಬುಡ ತಿಳಿಯೋಲ್ಲ. ಕಪ್ ಬಿಡಿ. ಸೂರು ನೋಡಿ.

ಅಂದ್ರೆ, ಈ ತಂಡಕ್ಕೆ ಐಸ್ ಎಲ್ಲಿಂದ ಬಂತು, ಆ ಐಸಿನ ಮೇಲಿನ ಸೂರು ಎಷ್ಟು ವರ್ಷ ನಿಂತಿತ್ತು? ಇದೊಂದೇ ಪ್ರಶ್ನೆ ಹಿಡ್ಕೊಳ್ಳಿ. ನಮಗೆ ಹಾಕಿ ಅಂದ್ರೆ ಕೊಡಗು. 1997ರಿಂದ ನಡೀತಿರೋ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಒಂದು ಮೈದಾನ ಇದ್ದು, ಹೊಣೆ ಹೊರೋಕೆ ಒಂದು ಮನೆತನ ಇದ್ದರೆ ಆಯ್ತು. ಐಸ್ ಹಾಕಿಗೆ ಅದು ಸಾಲದು. ನೆಲದಡಿ ಪೈಪು ಹಾಕಿ, ಹಗಲೂ ರಾತ್ರಿ ಯಂತ್ರ ಓಡಿಸಿ, ಕರೆಂಟ್ ಬಿಲ್ ಕಟ್ಟಿ ಐಸನ್ನು ಸಾಕಬೇಕು. ಸಾಕೋದು ಅನ್ನೋದೇ ಸರಿಯಾದ ಮಾತು, ಹಸು ಸಾಕಿದ ಹಾಗೆ. ಐಸ್ ಹೋದರೆ ತಂಡ ಹೋಗುತ್ತೆ.

ಈಗ ಒಂದು ಹಾಳೆ ತಗೊಳ್ಳಿ. ಮೂರು ಗೆರೆ ಎಳೆದು 1986, 2006, 2016 ಅಂತ ಬರ್ಕೊಳ್ಳಿ. ಡೆವಿಲ್ಸ್‌ನ ಪೂರ್ತಿ ಕಥೆ ಇದರೊಳಗಿದೆ.

1986ರಲ್ಲಿ ಕಾರ್ಡಿಫ್‌ನ ನಡುಪೇಟೆಯಲ್ಲಿ ವೇಲ್ಸ್ ನ್ಯಾಷನಲ್ ಐಸ್ ರಿಂಕ್ ತೆರೆಯಿತು; ರಿಂಕ್ ಅಂದ್ರೆ ಸ್ಕೇಟ್ ಮಾಡೋಕೆ ಅಂತ ಸೂರಿನಡಿ ಮಾಡಿದ ಐಸಿನ ಅಂಗಳ. ಅದೇ ವರ್ಷ ಕೆನಡಾದ ಜಾನ್ ಲಾಲೆಸ್ ಅಲ್ಲಿ ತಂಡ ಕಟ್ಟಿದರು. ಆಟಗಾರನೂ ಅವರೇ, ಕೋಚೂ ಅವರೇ. ಊರು ರಗ್ಬಿಯ ಊರು, ಐಸ್ ಹಾಕಿ ಯಾರಿಗೂ ಗೊತ್ತಿಲ್ಲ, ತಂಡ ಶುರುವಾಗಿದ್ದು ಕೆಳಗಿನ ಡಿವಿಷನ್‌ನಲ್ಲಿ. ಆದರೂ ಮೂರೇ ವರ್ಷಕ್ಕೆ ಮೇಲಿನ ಡಿವಿಷನ್‌ಗೆ ಏರಿದರು. ಏರಿದ ಮೊದಲ ಸೀಸನ್ನಲ್ಲೇ, 1989–90ರಲ್ಲಿ, ಲೀಗನ್ನೂ ಗೆದ್ದರು, ವೆಂಬ್ಲಿಯಲ್ಲಿ ಮರ್ರೆಫೀಲ್ಡ್ ರೇಸರ್ಸ್ ವಿರುದ್ಧದ ಚಾಂಪಿಯನ್‌ಶಿಪ್ ಫೈನಲ್ಲನ್ನೂ ಗೆದ್ದರು, ಅದೂ ಸಮ ಆಗಿ ಪೆನಾಲ್ಟಿ ಹೊಡೆತಗಳ ತನಕ ಎಳೆದು. ಡಗ್ ಮೆಕ್‌ಇವೆನ್, ಶಾನನ್ ಹೋಪ್ ಥರದ ಕೆನಡಾದವರ ಹೆಸರು ಈಗಲೂ ಹಳೇ ಅಭಿಮಾನಿಗಳ ಬಾಯಲ್ಲಿದೆ. ನನಗೆ ಅದಕ್ಕಿಂತ ಇಷ್ಟ ಆಗೋದು ಊರ ಹುಡುಗರ ವಿಷಯ. ರಿಂಕ್ ಪೇಟೆ ಮಧ್ಯೆ ಇತ್ತಲ್ಲ, ಮಕ್ಕಳು ಸುಮ್ನೆ ಸ್ಕೇಟ್ ಮಾಡೋಕೆ ಬಂದು ಅಲ್ಲೇ ಹಾಕಿ ಕಲಿತರು. ಗೋಲಿ, ಅಂದ್ರೆ ಗೋಲ್‌ಕೀಪರ್, ಸ್ಟೀವಿ ಲೈಲ್ ಕಾರ್ಡಿಫ್‌ನಲ್ಲೇ ಹುಟ್ಟಿದವನು, ಇನ್ನೂ ಸ್ಕೂಲು ಮುಗಿಸೋ ಮೊದಲೇ ಡೆವಿಲ್ಸ್‌ಗೆ ಆಡಿ, ಮುಂದೆ ಬ್ರಿಟನ್ ತಂಡದ ಗೋಲಿಯಾದ.

1996ರಲ್ಲಿ ಸೂಪರ್‌ಲೀಗ್ ಅಂತ ಹೊಸ ಲೀಗ್ ಬಂತು, ಅದರ ಮೊದಲ ಚಾಂಪಿಯನ್ ಕೂಡ ಇವರೇ. ಆ ಲೀಗಿನಲ್ಲಿ ದುಡ್ಡು ಜಾಸ್ತಿ, ಹೊರದೇಶದ ಆಟಗಾರರು ಜಾಸ್ತಿ, ಆದಾಯ ಮಾತ್ರ ಅಷ್ಟಕ್ಕಷ್ಟೇ. 2001ರಲ್ಲಿ ಡೆವಿಲ್ಸ್ ನಡೆಸುತ್ತಿದ್ದ ಕಂಪನಿ ಮುಳುಗಿತು, ತಂಡ ಕೆಳಗಿನ ಲೀಗಿಗೆ ಹೋಯ್ತು, ಅಭಿಮಾನಿಗಳು ಹೊಸ ಆಡಳಿತದ ಮೇಲೆ ಸಿಟ್ಟಾಗಿ ಮ್ಯಾಚಿಗೆ ಹೋಗೋದನ್ನೇ ಬಿಟ್ಟರು. ಎರಡು ವರ್ಷಕ್ಕೆ ಸೂಪರ್‌ಲೀಗೂ ಮುಚ್ಚಿತು. 2003ರಲ್ಲಿ ಶುರುವಾದ ಎಲೀಟ್ ಲೀಗ್‌ನಲ್ಲೇ ಇವತ್ತಿಗೂ ಡೆವಿಲ್ಸ್ ಆಡೋದು.

ಎರಡನೇ ಗೆರೆ, 2006. ಪೇಟೆ ಮಧ್ಯದ ರಿಂಕ್ ಕೆಡವಿದರು, ಯಾಕಂದ್ರೆ ಅಲ್ಲಿ ದೊಡ್ಡ ಶಾಪಿಂಗ್ ಕಾಂಪ್ಲೆಕ್ಸ್ ಬರಬೇಕಿತ್ತು. ಗಾಂಧಿನಗರದ ಕಪಾಲಿ ಥಿಯೇಟರ್ ಜಾಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬದಲಿ ರಿಂಕ್ ಊರ ಆಚೆ, ಕಾರ್ಡಿಫ್ ಬೇ ಕಡೆ ಬರುತ್ತೆ ಅಂದರು. ಸೀಸನ್ ಶುರುವಾಗೋದು ಸೆಪ್ಟೆಂಬರ್‌ನಲ್ಲಿ, ಬದಲಿ ರಿಂಕ್ ತಯಾರಾಗಿದ್ದು ಡಿಸೆಂಬರ್‌ನಲ್ಲಿ. ಅಷ್ಟೂ ದಿನ ಮನೆ ಇಲ್ಲದ ತಂಡ ಊರೂರು ಅಲೆದು ಆಡಿತು. ಬಂದ ರಿಂಕಾದರೂ ಎಂಥದ್ದು? ನೀಲಿ ಹೊದಿಕೆಯ ತಾತ್ಕಾಲಿಕ ಕಟ್ಟಡ. ಜನ ಅದಕ್ಕಿಟ್ಟ ಹೆಸರು ‘ದೊಡ್ಡ ನೀಲಿ ಟೆಂಟ್’. ಸುಮಾರು 2,500 ಜನ ಹಿಡಿಸುತ್ತಿತ್ತು.

ತಾತ್ಕಾಲಿಕ ಅಂದ್ರೆ ಏನು ಅಂತ ಬೆಂಗಳೂರಿನವರಿಗೆ ಹೇಳಿಕೊಡಬೇಕಾ? ನಮ್ಮ ಮನೆ ಹತ್ತಿರ ‘ತಾತ್ಕಾಲಿಕ ಮಾರ್ಗ ಬದಲಾವಣೆ’ ಬೋರ್ಡಿಗೆ ತುಕ್ಕು ಹಿಡಿದು, ಅದರ ಮೇಲೆ ಮನೆ ಬಾಡಿಗೆಯ ಚೀಟಿ ಅಂಟಿಸಿ, ಆ ಚೀಟಿಯೂ ಬಿಸಿಲಿಗೆ ಮಾಸಿ ಹೋಗಿದೆ. ಕಾರ್ಡಿಫ್‌ನ ಟೆಂಟೂ ಹಾಗೇ, ಕೆಲವು ವರ್ಷಕ್ಕೆ ಅಂತ ಬಂದದ್ದು ಒಂಬತ್ತು ವರ್ಷ ದಾಟಿ ನಿಂತಿತು. ಆದರೆ ಟೆಂಟ್ ಅಂದ ತಕ್ಷಣ ಮರುಗಬೇಡಿ. ನಮ್ಮ ಹಿರಿಯರು ಟೆಂಟ್ ಸಿನಿಮಾದ ಬಗ್ಗೆ ಮಾತಾಡುವಾಗ ಮುಖ ನೋಡಿದ್ದೀರಲ್ಲ, ಮರಳ ಮೇಲೆ ಕೂತಿದ್ದು, ರೀಲು ಬದಲಿಸುವಾಗ ಶಿಳ್ಳೆ ಹೊಡೆದಿದ್ದು? ನಮ್ಮ ಕ್ಲೈಂಟ್ ನೀಲಿ ಟೆಂಟಿನ ಬಗ್ಗೆ ಹೇಳುವಾಗ ದನಿ ಹಾಗೇ ಇರುತ್ತೆ. ಚಳಿ, ಇಕ್ಕಟ್ಟು, ಕಿವಿ ಗುಂಯ್‌ಗುಡೋ ಗದ್ದಲ, ಎಲ್ಲಾ ಬೈತಾರೆ, ಬೈತಾ ಬೈತಾ ನಗ್ತಾರೆ.

ಸೀಟು ಕಡಿಮೆ ಇದ್ದರೆ ಏನಾಗುತ್ತೆ ಅನ್ನೋದು ಇಲ್ಲಿ ಗಮನಿಸಿ. ಬ್ರಿಟನ್‌ನಲ್ಲಿ ಐಸ್ ಹಾಕಿಗೆ ಐಪಿಎಲ್ ಥರದ ಟಿವಿ ದುಡ್ಡು ಇಲ್ಲ. ಟಿಕೆಟ್, ಪ್ರಾಯೋಜಕರು, ಜರ್ಸಿ, ತಿಂಡಿ, ಇಷ್ಟರಲ್ಲೇ ಸಂಬಳ ಹುಟ್ಟಬೇಕು. ಅದೇ ಲೀಗಿನ ಶೆಫೀಲ್ಡ್, ನಾಟಿಂಗ್‌ಹ್ಯಾಮ್, ಬೆಲ್‌ಫಾಸ್ಟ್ ಹಲವು ಸಾವಿರ ಜನ ಕೂರೋ ಅರೀನಾಗಳಲ್ಲಿ ಆಡುವಾಗ ಇವರು ಟೆಂಟಲ್ಲಿ. ಹಾಗಾಗಿ ಟೆಂಟ್ ಕಾಲದಲ್ಲಿ ಲೀಗ್ ಪಟ್ಟ ಸಿಗಲಿಲ್ಲ ಅಂತ ಓದಿದಾಗ ಆಟಗಾರರನ್ನು ಬೈಯೋ ಮುಂಚೆ ಸೀಟು ಲೆಕ್ಕ ಹಾಕಿ.

2014ರಲ್ಲಿ ಕೆನಡಾದ ಕೆಲವರು ಸೇರಿ ತಂಡ ಕೊಂಡರು. ಹಿಂದೆ ಬೆಲ್‌ಫಾಸ್ಟ್ ಜೈಂಟ್ಸ್‌ಗೆ ಆಡಿದ್ದ ಟಾಡ್ ಕೆಲ್ಮನ್ ಆಡಳಿತ ನೋಡಿಕೊಂಡರು, ಆಂಡ್ರ್ಯೂ ಲಾರ್ಡ್ ಆಡುತ್ತಲೇ ಕೋಚ್ ಆದರು. ಮೊದಲ ಸೀಸನ್ನಲ್ಲೇ ಚಾಲೆಂಜ್ ಕಪ್ ಬಂತು. 2016ರ ಮಾರ್ಚ್‌ನಲ್ಲಿ ಕೊನೆಗೂ ಪಕ್ಕಾ ಕಟ್ಟಡ, ಐಸ್ ಅರೀನಾ ವೇಲ್ಸ್. ಸುಮಾರು 3,100 ಸೀಟು. ಚಿನ್ನಸ್ವಾಮಿಯ ಹತ್ತನೇ ಒಂದು ಭಾಗ ಅಷ್ಟೇ, ನಮ್ಮ ಕಣ್ಣಿಗೆ ಏನೂ ಅಲ್ಲ. ಆದರೆ ಪೂರ್ತಿ ಒಂದು ಸೀಸನ್ ಅಲ್ಲಿ ಆಡಿದ್ದೇ ತಡ, 2016–17ರಲ್ಲಿ ಲೀಗ್ ಗೆದ್ದರು. ಹಿಂದಿನ ಲೀಗ್ ಪಟ್ಟ ಸಿಕ್ಕಿದ್ದು 1996–97ರಲ್ಲಿ, ಲೆಕ್ಕ ಹಾಕಿದರೆ ಸರಿಯಾಗಿ 20 ವರ್ಷ. ಮರುವರ್ಷ ಮತ್ತೆ ಗೆದ್ದರು. 2025ರ ಜನವರಿಯಲ್ಲಿ ಯುರೋಪಿನ ಕಾಂಟಿನೆಂಟಲ್ ಕಪ್ ಅದೇ ಸೂರಿನಡಿ, ತಮ್ಮ ಜನರ ಮುಂದೆ ಗೆದ್ದರು. ಬ್ರಿಟನ್ನಿನಿಂದ ಅದಕ್ಕೂ ಮುಂಚೆ ಅದನ್ನು ಗೆದ್ದಿದ್ದು ಒಂದೇ ತಂಡ, 2017ರಲ್ಲಿ ನಾಟಿಂಗ್‌ಹ್ಯಾಮ್ ಪ್ಯಾಂಥರ್ಸ್.

ಈ ಸೂರಿನ ಲೆಕ್ಕ ಬೇರೆ ತಂಡಕ್ಕೂ ನಡೆಯುತ್ತೆ. ಶೆಫೀಲ್ಡ್ ಸ್ಟೀಲರ್ಸ್ 1991ರಲ್ಲಿ, ಬೆಲ್‌ಫಾಸ್ಟ್ ಜೈಂಟ್ಸ್ 2000ದಲ್ಲಿ, ಎರಡೂ ಹುಟ್ಟಿದ್ದು ಊರಿಗೆ ದೊಡ್ಡ ಅರೀನಾ ಬಂದ ವರ್ಷವೇ. ನಾಟಿಂಗ್‌ಹ್ಯಾಮ್ ಮಾತ್ರ ಲೆಕ್ಕ ಕೆಡಿಸುತ್ತೆ. ತಂಡ 1946ರದ್ದು, 1960ರಲ್ಲಿ ಮುಚ್ಚಿ 1980ಕ್ಕೆ ಮತ್ತೆ ಎದ್ದಿತು, ನಡುವೆ ರಿಂಕ್ ಇತ್ತು, ತಂಡ ಇರಲಿಲ್ಲ. ಯಾಕೆ ಅಂತ ಹುಡುಕಿ ನೋಡಿ, ಒಂದು ಭಾನುವಾರ ಮಧ್ಯಾಹ್ನ ಕಳೆಯುತ್ತೆ.

ಕಥೆ ಸಾಕು, ಮ್ಯಾಚಿಗೆ ಬರೋಣ. ಮೊದಲ ಸಲ ನೋಡುವವರಿಗೆ ಚೆಂಡೇ ಕಾಣಲ್ಲ, ಯಾಕಂದ್ರೆ ಚೆಂಡು ಇಲ್ಲ. ಇರೋದು ಪಕ್, ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಕಪ್ಪು ರಬ್ಬರ್ ಬಿಲ್ಲೆ. ನಮ್ಮ ಚಿಕ್ಕಮ್ಮನ ಮಗನಿಗೆ ನಾನು ಆಟ ಹೇಳಿಕೊಟ್ಟಿದ್ದು ಕೇರಂ ಬೋರ್ಡ್ ಮೇಲೆ. ಪೌಡರ್ ಉದುರಿಸಿ, ಆರು ಕಪ್ಪು ಆ ಕಡೆ, ಆರು ಬಿಳಿ ಈ ಕಡೆ ಇಟ್ಟೆ. ಐದು ಆಟಗಾರರು, ಒಬ್ಬ ಗೋಲಿ. ಸ್ಟ್ರೈಕರನ್ನು ಪಕ್ ಅಂದುಕೋ ಅಂದೆ. ಅವನು ಬೆರಳಲ್ಲಿ ಒಂದು ಹೊಡೆದ, ಅದು ಪಟ್ಟಿಗೆ ಬಡಿದು ವಾಪಸ್ ಬಂತು. “ಅಣ್ಣಾ, ಇದು ಔಟ್ ಅಲ್ವಾ?” ಅಂದ. ಅಲ್ಲ ಕಣೋ, ಇದೇ ಮಜಾ. ಐಸ್ ಹಾಕಿಯಲ್ಲೂ ಸುತ್ತ ಪಟ್ಟಿ ಇದೆ, ಪಕ್ ಅದಕ್ಕೆ ಬಡಿದು ಆಟ ಮುಂದುವರಿಯುತ್ತೆ. ಅಷ್ಟು ಗೊತ್ತಾದ ಮೇಲೆ ಅವನಿಗೆ ಸ್ಕ್ರೀನ್ ಮೇಲೂ ಪಕ್ ಕಾಣತೊಡಗಿತು.

ನಿಯಮ ಸದ್ಯಕ್ಕೆ ಎರಡು ಸಾಕು. ಎದುರಾಳಿ ಕಡೆಯ ನೀಲಿ ಗೆರೆಯನ್ನು ಪಕ್‌ಗಿಂತ ಮೊದಲು ದಾಟಿದರೆ ಆಫ್‌ಸೈಡ್. ತಪ್ಪು ಮಾಡಿದವನನ್ನು ಸಾಮಾನ್ಯವಾಗಿ ಎರಡು ನಿಮಿಷ ಪೆಟ್ಟಿಗೆಯಲ್ಲಿ ಕೂರಿಸ್ತಾರೆ, ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆ ಇಟ್ಟುಕೊಂಡೇ ಆಡಬೇಕು. ಗೋಲು ಬೀಳೋದು ಜಾಸ್ತಿ ಆವಾಗಲೇ ಅನ್ನಿಸುತ್ತೆ, ಕಾಫಿ ಲೋಟ ಕೆಳಗಿಟ್ಟು ನೋಡಿ. ಆಟಗಾರರು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡಿರೋದು ಕಾಣುತ್ತಲ್ಲ, ಅದರ ಹಿಂದೆ ದುಃಖದ ಸಂಗತಿ ಇದೆ. 2023ರ ಅಕ್ಟೋಬರ್‌ನಲ್ಲಿ ಶೆಫೀಲ್ಡ್‌ನಲ್ಲಿ ಆಡುತ್ತಿದ್ದಾಗ ನಾಟಿಂಗ್‌ಹ್ಯಾಮ್‌ನ ಆಡಮ್ ಜಾನ್ಸನ್ ಕುತ್ತಿಗೆಗೆ ಸ್ಕೇಟಿನ ಅಲಗು ತಗುಲಿ ತೀರಿಕೊಂಡರು. ಆಮೇಲೆ ಲೀಗ್ ಈ ಪಟ್ಟಿಯನ್ನು ಕಡ್ಡಾಯ ಮಾಡಿತು.

ಆಟ 20 ನಿಮಿಷದ ಮೂರು ಭಾಗ. ನಡುವಿನ ವಿರಾಮದಲ್ಲಿ ಗಾಡಿಯೊಂದು ಬಂದು ಐಸ್ ಹೆರೆದು, ನೀರು ಹಾಯಿಸಿ ನುಣುಪು ಮಾಡುತ್ತೆ. ಅಂಗಳ ಸಾರಿಸಿದ ಹಾಗೆ, ನೋಡ್ತಾ ಕೂತರೆ ನಿದ್ದೆ ಬರುತ್ತೆ. ಆ ಹೊತ್ತಿಗೆ ಎದ್ದು ಹಾಲು ಬಿಸಿ ಮಾಡಿ. ಡಿಕಾಕ್ಷನ್ ಮಾತ್ರ ಮೊದಲೇ ಇಳಿಸಿಟ್ಟಿರಬೇಕು, ರಾತ್ರಿ ಒಂದು ಗಂಟೆಗೆ ಫಿಲ್ಟರ್ ತಟ್ಟಿದರೆ ಮನೆಯವರೆಲ್ಲ ಏಳ್ತಾರೆ.

ಹೌದು, ರಾತ್ರಿ ಒಂದು ಗಂಟೆ. ಟೈಮಿನ ವಿಷಯದಲ್ಲಿ ಹುಷಾರು. ಅಲ್ಲಿ ಸಂಜೆ 7ಕ್ಕೆ ಆಟ ಅಂದ್ರೆ ಬೇಸಿಗೆ ಗಡಿಯಾರದಲ್ಲಿ ನಮಗೆ ರಾತ್ರಿ 11.30, ಅಕ್ಟೋಬರ್‌ನ ಕೊನೆಯ ಭಾನುವಾರ ಅವರು ಗಡಿಯಾರ ಹಿಂದಿಟ್ಟ ಮೇಲೆ 12.30. ಮಾರ್ಚ್ ಕೊನೆಯ ಭಾನುವಾರ ಮತ್ತೆ ಮುಂದಿಡ್ತಾರೆ. ಮೊದಲ ವರ್ಷ ನನಗಿದು ಗೊತ್ತಿರಲಿಲ್ಲ, ಒಂದು ಗಂಟೆ ಖಾಲಿ ಐಸ್ ನೋಡ್ತಾ ಕೂತಿದ್ದೆ. ಅಮ್ಮ ನೀರು ಕುಡಿಯೋಕೆ ಎದ್ದವಳು ಇಣುಕಿ, “ಏನೋ ಇದು, ನಡುರಾತ್ರೀಲಿ?” ಅಂದಳು. ಡೆವಿಲ್ಸ್ ಮ್ಯಾಚು ಅಂದೆ. “ದೆವ್ವಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ದ ಊರು ಇದು, ನೀನು ಕರೆದು ಕೂರಿಸಿಕೊಂಡಿದ್ದೀಯಾ” ಅಂದು ಹೋಗಿ ಮಲಗಿದಳು. ಹೊಸಬರು ಭಾನುವಾರದ ಮ್ಯಾಚಿಂದ ಶುರು ಮಾಡಿ. ಎಷ್ಟೋ ಸಲ ಭಾನುವಾರ ಬೇಗ ಆಡಿಸ್ತಾರೆ, ಚಳಿಗಾಲದಲ್ಲಿ ಅಲ್ಲಿಯ 4 ಗಂಟೆ ನಮಗೆ ರಾತ್ರಿ 9.30, ಊಟ ಮುಗಿಸಿ ಕೂರಬಹುದು.

ನೋಡೋದು ಇಂಟರ್‌ನೆಟ್‌ನಲ್ಲಿ, ಮ್ಯಾಚಿಗಿಷ್ಟು ಅಂತ ದುಡ್ಡು ಕೊಟ್ಟು. ಕಾರ್ಡಿನಲ್ಲಿ ವಿದೇಶಿ ಪಾವತಿ ಆನ್ ಆಗಿದೆಯಾ ಅಂತ ಮಧ್ಯಾಹ್ನವೇ ನೋಡಿಕೊಳ್ಳಿ. ನನ್ನ ಬ್ಯಾಂಕಿನ ಆ್ಯಪ್ ಆಟಕ್ಕೆ ಐದು ನಿಮಿಷ ಇದ್ದಾಗ ಕೈ ಕೊಟ್ಟು, ಸಹಾಯವಾಣಿಯ ಹಾಡು ಕೇಳ್ತಾ ಮೊದಲ ಎರಡು ಗೋಲು ಕಳ್ಕೊಂಡೆ.

ಇಷ್ಟಾದ ಮೇಲೆ ಬೇಕಿದ್ದರೆ ಕಪ್‌ಗಳ ಪಟ್ಟಿ ತೆಗೀರಿ. ಈಗ ಇರೋದು ಮೂರು: ಲೀಗ್, ಚಾಲೆಂಜ್ ಕಪ್, ಕೊನೆಯಲ್ಲಿ ಪ್ಲೇಆಫ್. ನಮಗೆ ಐಪಿಎಲ್ ಅಭ್ಯಾಸ, ಪ್ಲೇಆಫ್ ಗೆದ್ದವನೇ ರಾಜ. ಅಲ್ಲಿ ಹಾಗಲ್ಲ, ಸೆಪ್ಟೆಂಬರಿಂದ ಏಪ್ರಿಲ್ ತನಕ ಪಾಯಿಂಟ್ ಕೂಡಿಸಿ ಲೀಗ್ ಗೆಲ್ಲೋದೇ ದೊಡ್ಡದು. 2018–19ರಲ್ಲಿ ಡೆವಿಲ್ಸ್ ಮತ್ತು ಬೆಲ್‌ಫಾಸ್ಟ್ ಪಾಯಿಂಟ್‌ನಲ್ಲಿ ಸಮ ಬಂದು, ಪಟ್ಟ ಬೆಲ್‌ಫಾಸ್ಟಿಗೆ ಹೋಯ್ತು. ಆಮೇಲೆ ಪ್ಲೇಆಫ್ ಫೈನಲ್‌ನಲ್ಲಿ ಅದೇ ಬೆಲ್‌ಫಾಸ್ಟನ್ನು ಡೆವಿಲ್ಸ್ ಸೋಲಿಸಿದರು. ಸಮಾಧಾನ ಆಯ್ತಾ ಅಂತ ನಮ್ಮ ಕ್ಲೈಂಟನ್ನು ಕೇಳಿದೆ. ಮಾತು ಬದಲಿಸಿದರು.

ಜರ್ಸಿ ಬೇಕು ಅಂತ ಅನ್ನಿಸೇ ಅನ್ನಿಸುತ್ತೆ. ಅಲ್ಲಿಂದ ತರಿಸಿದರೆ ಅಂಚೆ ಖರ್ಚಿನ ಮೇಲೆ ಕಸ್ಟಮ್ಸ್ ಸುಂಕವೂ ಬೀಳುತ್ತೆ, ಯಾರಾದರೂ ಬರೋರಿದ್ದರೆ ಅವರ ಸೂಟ್‌ಕೇಸಿಗೆ ಹಾಕಿಸಿ. ನಿಮ್ಮ ಸೈಜಿಗಿಂತ ಒಂದು ಕಡಿಮೆ ಹೇಳಿ, ಭುಜದ ಪ್ಯಾಡಿನ ಮೇಲೆ ಹಾಕ್ಕೊಳ್ಳೋಕೆ ಅಂತ ಅದನ್ನು ದೊಗಳೆಯಾಗಿ ಹೊಲಿದಿರ್ತಾರೆ. ನನಗೆ ಇದನ್ನು ಯಾರೂ ಹೇಳಲಿಲ್ಲ. ನನ್ನದು ಮೊಣಕಾಲಿನ ತನಕ ಬರುತ್ತೆ, ಅಮ್ಮ ಅದನ್ನು ಒಣಗೋಕೆ ಹಾಕುವಾಗ ನೈಟಿ ಅಂತಾಳೆ.