ಇಂಗ್ಲೆಂಡಿನ ಸೆಕೆಂಡರಿ ಶಾಲೆಯಲ್ಲಿ ಕಂಪ್ಯೂಟರ್ ಸೈನ್ಸ್: ಹೊಸದಾಗಿ ಬಂದ ಅಪ್ಪ ಅಮ್ಮಂದಿರಿಗೆ

"ಮಗಳು ಜಿಸಿಎಸ್‌ಇಗೆ ಕಂಪ್ಯೂಟರ್ ಸೈನ್ಸ್ ತಗೊಳ್ಳಲಾ?" ಸಂಘಕ್ಕೆ ಹೊಸದಾಗಿ ಬಂದವರು ಕೇಳುವ ಪ್ರಶ್ನೆ ಇದು. ಜಿಸಿಎಸ್‌ಇ ಅಂದರೆ ಇಲ್ಲಿ ಸುಮಾರು 16ನೇ ವಯಸ್ಸಿಗೆ ಬರೆಯುವ ಪರೀಕ್ಷೆ, ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ಅದಕ್ಕೆ ಮೊದಲು ಕ್ಲಾಸಿನಲ್ಲಿ ಏನು ಕಲಿಸುತ್ತಾರೆ ಅಂತ ತಿಳಿದುಕೊಳ್ಳಿ. ಇಲ್ಲಿ ಬರೆದಿರುವುದು ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಪಠ್ಯಕ್ರಮ ಬೇರೆ.

ಇಯರ್ 7ರಿಂದ 9ರವರೆಗೆ (ಸುಮಾರು 11ರಿಂದ 14 ವರ್ಷದ ಮಕ್ಕಳು) ಪಾಠದ ಹೆಸರು ಕಂಪ್ಯೂಟಿಂಗ್. 2014ರಲ್ಲಿ ಹಳೆಯ ಐಸಿಟಿ (ಮಾಹಿತಿ ತಂತ್ರಜ್ಞಾನ) ಪಾಠದ ಬದಲು ಇದು ಬಂತು. ಮಕ್ಕಳು ಎರಡು ಪ್ರೋಗ್ರಾಮಿಂಗ್ ಭಾಷೆಯಾದರೂ ಕಲಿಯಬೇಕು. ಸಾಮಾನ್ಯವಾಗಿ ಬ್ಲಾಕ್ ಜೋಡಿಸುವ ಸ್ಕ್ರಾಚ್, ಆಮೇಲೆ ಟೈಪ್ ಮಾಡಿ ಬರೆಯುವ ಪೈಥಾನ್. ಜೊತೆಗೆ 0 ಮತ್ತು 1 ಮಾತ್ರ ಬಳಸುವ ಬೈನರಿ ಸಂಖ್ಯೆ, ಆನ್‌ಲೈನ್‌ನಲ್ಲಿ ಹುಷಾರಾಗಿರುವುದು ಹೇಗೆ, ಇವೆಲ್ಲ ಇರುತ್ತವೆ. ನಮ್ಮ ಎಸ್ಸೆಸ್ಸೆಲ್ಸಿ ಶಾಲೆಗಳಿಂದ ಬಂದ ಮಕ್ಕಳಲ್ಲಿ ಅನೇಕರಿಗೆ ಪೈಥಾನ್ ಹೊಸದು. ಹೆದರಬೇಡಿ, ಈ ಕೊರತೆ ತುಂಬಿಕೊಳ್ಳಬಹುದು. ಐಸಿಎಸ್‌ಇಯಲ್ಲಿ ಜಾವಾ ಕಲಿತ ಮಕ್ಕಳಿಗೆ ಇನ್ನೂ ಸುಲಭ. ಯೋಚಿಸುವ ರೀತಿ ಅದೇ, ಬರೆಯುವ ರೀತಿ ಮಾತ್ರ ಬೇರೆ.

ಇಯರ್ 10, 11ರಲ್ಲಿ ಜಿಸಿಎಸ್‌ಇ. ಇದು ಐಚ್ಛಿಕ, ಕೆಲವು ಶಾಲೆಗಳಲ್ಲಿ ಇರುವುದೂ ಇಲ್ಲ. ಮಕ್ಕಳು ವಿಷಯ ಆರಿಸುವುದು ಇಯರ್ 9ರಲ್ಲಿ, ಕೆಲವು ಕಡೆ ಇಯರ್ 8ರಲ್ಲೇ. ಇಯರ್ 10ರ ಮಧ್ಯದಲ್ಲಿ ಬಂದು ಸೇರುವವರು ಸೀಟು ಕೇಳುವಾಗಲೇ ಎರಡು ವಿಷಯ ವಿಚಾರಿಸಿ: ಈ ವಿಷಯ ಇದೆಯಾ, ಯಾವ ಪರೀಕ್ಷಾ ಮಂಡಳಿ? ಮಂಡಳಿ ಬದಲಾದರೆ ಪರೀಕ್ಷೆಯ ರೂಪವೇ ಬದಲಾಗುತ್ತದೆ. ಓಸಿಆರ್‌ನಲ್ಲಿ ಒಂದೂವರೆ ಗಂಟೆಯ ಎರಡು ಪೇಪರ್, ತಲಾ 80 ಅಂಕ. ಎರಡೂ ಪೆನ್ನು ಹಿಡಿದು ಬರೆಯುವುದೇ. ಎಡೆಕ್ಸೆಲ್‌ನಲ್ಲಿ ಎರಡನೇ ಪೇಪರನ್ನು ಕಂಪ್ಯೂಟರ್ ಮುಂದೆ ಕೂತು ಪೈಥಾನ್‌ನಲ್ಲಿ ಮಾಡಬೇಕು.

ನಮ್ಮಲ್ಲಿ ಸಾಫ್ಟ್‌ವೇರ್ ಕೆಲಸದವರೇ ಜಾಸ್ತಿ, ಅಲ್ವಾ? ಹಾಗಾಗಿ ಮನೆಯಲ್ಲೇ ಹೇಳಿಕೊಡೋಣ ಅನ್ನಿಸುತ್ತದೆ. ಹೇಳಿಕೊಡಿ, ಆದರೆ ಪರೀಕ್ಷೆ ಏನು ಕೇಳುತ್ತದೆ ಅಂತ ನೋಡಿಕೊಂಡು. ಆಫೀಸಿನಲ್ಲಿ ಪಟ್ಟಿಯನ್ನು ಜೋಡಿಸಲು ಒಂದೇ ಸಾಲು ಸಾಕು. ಇಲ್ಲಿ ಮಗು ಬಬಲ್ ಸಾರ್ಟ್‌ನ (ಅಕ್ಕಪಕ್ಕದ ಎರಡನ್ನು ಹೋಲಿಸಿ ಅದಲುಬದಲು ಮಾಡುತ್ತಾ ಜೋಡಿಸುವ ವಿಧಾನ) ಒಂದೊಂದು ಸುತ್ತನ್ನೂ ಬರೆದು ತೋರಿಸಬೇಕು. ಟ್ರೇಸ್ ಟೇಬಲ್ ಹಾಕಿ, ಪ್ರತಿ ಸಾಲಿನ ನಂತರ ಯಾವ ವೇರಿಯಬಲ್‌ನಲ್ಲಿ (ಪ್ರೋಗ್ರಾಮಿನಲ್ಲಿ ಬೆಲೆ ಇಡುವ ಹೆಸರಿಟ್ಟ ಜಾಗ) ಯಾವ ಬೆಲೆ ಇದೆ ಅಂತ ತುಂಬಬೇಕು. ಅಕ್ಷರಕ್ರಮದಲ್ಲಿ ಜೋಡಿಸಿದ 1000 ಹೆಸರಿನಲ್ಲಿ ಒಂದನ್ನು ಹುಡುಕಲು, ಪ್ರತಿ ಸಲ ನಡುವಿನ ಹೆಸರು ನೋಡಿ ಅರ್ಧ ಪಟ್ಟಿ ಬಿಡುವ ಬೈನರಿ ಸರ್ಚ್‌ಗೆ ಹೆಚ್ಚೆಂದರೆ 10 ಸಲ ನೋಡಿದರೆ ಸಾಕು. ಯಾಕೆ ಅಂತ ಮಗು ತನ್ನ ಮಾತಿನಲ್ಲೇ ವಿವರಿಸಬಲ್ಲದಾದರೆ ಪಾಠ ತಲೆಗೆ ಹತ್ತಿದೆ ಅಂತ ಅರ್ಥ.

ಪಠ್ಯದ ಉಳಿದ ಅರ್ಧ ಕಂಪ್ಯೂಟರಿನ ಒಳಗಿನ ಕಥೆ: ಪ್ರೊಸೆಸರ್, ಮೆಮೊರಿ, ನೆಟ್‌ವರ್ಕ್, ಫಿಶಿಂಗ್‌ನಂಥ ಮೋಸಗಳು, 1990ರ ಕಂಪ್ಯೂಟರ್ ಮಿಸ್‌ಯೂಸ್ ಆ್ಯಕ್ಟ್ (ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ನುಗ್ಗುವುದನ್ನು ತಡೆಯುವ ಕಾನೂನು). ಅಕ್ಷರಗಳನ್ನು ಸಂಖ್ಯೆಯಾಗಿ ಇಡುವ ಪಾಠ ಬಂದಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಸ್ಕಿ ಎಂಬ ಹಳೆಯ ಸಂಕೇತಪಟ್ಟಿಯಲ್ಲಿ ಇದ್ದದ್ದು 128 ಗುರುತುಗಳು ಮಾತ್ರ, ಕನ್ನಡಕ್ಕೆ ಜಾಗವೇ ಇರಲಿಲ್ಲ. ಜಗತ್ತಿನ ಲಿಪಿಗಳನ್ನು ಸೇರಿಸಿದ ಯೂನಿಕೋಡ್ ಪಟ್ಟಿ ಆ ಜಾಗ ಕೊಟ್ಟಿತು, 'ಕ'ದ ಸಂಖ್ಯೆ ಅಲ್ಲಿ 3221. ಅಜ್ಜಿಗೆ ವಾಟ್ಸಾಪ್‌ನಲ್ಲಿ ಕನ್ನಡದಲ್ಲಿ ಬರೆಯುವುದು ಇದರಿಂದಲೇ ಸಾಧ್ಯ ಅಂತ ಗೊತ್ತಾದರೆ ಮಕ್ಕಳಿಗೆ ಆ ಪಾಠ ಮರೆಯುವುದಿಲ್ಲ.

ಆದರೆ ಮಗುವಿಗೆ ಇಷ್ಟವಿಲ್ಲದಿದ್ದರೆ ದಯವಿಟ್ಟು ಒತ್ತಾಯ ಮಾಡಬೇಡಿ. ಈ ಜಿಸಿಎಸ್‌ಇ ತೆಗೆದುಕೊಳ್ಳದಿದ್ದರೆ ಎಂಜಿನಿಯರಿಂಗ್ ಬಾಗಿಲು ಮುಚ್ಚಿತು ಅಂತೇನಿಲ್ಲ. ಕೇಂಬ್ರಿಡ್ಜ್, ಇಂಪೀರಿಯಲ್ ಕೂಡ ಕಂಪ್ಯೂಟರ್ ಸೈನ್ಸ್ ಪದವಿಗೆ ಕಡ್ಡಾಯವಾಗಿ ಕೇಳುವುದು ಎ ಲೆವೆಲ್ (ಜಿಸಿಎಸ್‌ಇ ಆದಮೇಲಿನ ಎರಡು ವರ್ಷದ ಓದು) ಗಣಿತವನ್ನು. ಗಣಿತ ಗಟ್ಟಿ ಇರಲಿ. ಹೆಣ್ಣುಮಕ್ಕಳು ಈ ಕ್ಲಾಸಿನಲ್ಲಿ ಸುಮಾರು ಐದರಲ್ಲಿ ಒಬ್ಬರು ಮಾತ್ರ. ನಿಮ್ಮ ಮಗಳಿಗೆ ಆಸಕ್ತಿ ಇದ್ದರೆ "ಹುಡುಗರೇ ಜಾಸ್ತಿ" ಅನ್ನುವ ಕಾರಣಕ್ಕೆ ಬಿಡಿಸಬೇಡಿ.

ಸುಮ್ನೆ ದುಬಾರಿ ಲ್ಯಾಪ್‌ಟಾಪ್, ಟ್ಯೂಷನ್‌ಗೆ ದುಡ್ಡು ಹಾಕಬೇಡಿ. ಪೈಥಾನ್ ಬ್ರೌಸರ್‌ನಲ್ಲೇ ಓಡುತ್ತದೆ. ಬಿಬಿಸಿ ಬೈಟ್‌ಸೈಜ್, ಅಡಾ ಕಂಪ್ಯೂಟರ್ ಸೈನ್ಸ್ ವೆಬ್‌ಸೈಟ್ ಎರಡೂ ಉಚಿತ. ಚಿಕ್ಕವರಿಗೆ ಹತ್ತಿರದ ಲೈಬ್ರರಿಯಲ್ಲಿ ಕೋಡ್ ಕ್ಲಬ್ (ಮಕ್ಕಳು ಪ್ರೋಗ್ರಾಮಿಂಗ್ ಕಲಿಯುವ ಗುಂಪು) ಇದೆಯಾ ಅಂತ ಕೇಳಿ. ವಿಷಯ ಆರಿಸುವ ಮೊದಲು ಮಂಡಳಿಯ ವೆಬ್‌ಸೈಟಿನಿಂದ ಹಳೆಯ ಪ್ರಶ್ನೆಪತ್ರಿಕೆ ಇಳಿಸಿಕೊಂಡು ಮಗುವಿನ ಕೈಗೆ ಕೊಡಿ. ಉತ್ತರ ಬರದಿದ್ದರೂ ಪರವಾಗಿಲ್ಲ, ಪ್ರಶ್ನೆ ಓದಿ ಕುತೂಹಲ ಹುಟ್ಟುತ್ತದಾ ಅಂತ ನೋಡಿ.